ಹತ್ತರಲ್ಲಿ ಏಳು

ಶುಕೂರಾಕನಿಗೆ ಡಾಕ್ಟರೆಂದರೆ ಪೊಲೀಸರಿಗಿಂತ ಹೆಚ್ಚು ಹೆದರಿಕೆ. ಪೊಲೀಸರು ಏನಾದರೂ ಮಾಡಿದವನನ್ನು ಹಿಡಿಯುತ್ತಾರೆ, ಡಾಕ್ಟರು ಏನೂ ಮಾಡದವನನ್ನು ಹಿಡಿದು ಊರಿಗೆ ಕಳಿಸುತ್ತಾರೆ ಎಂದು ದುಬೈಗೆ ಬಂದ ಮೊದಲ ತಿಂಗಳಲ್ಲೇ ಅವರು ತಿಳಿದುಕೊಂಡಿದ್ದರು. ಅವರ ಜೊತೆಗೇ ವಿಮಾನ ಹತ್ತಿದ್ದ ವಿಟ್ಲದ ಒಬ್ಬನ ಬೆನ್ನು ತಟ್ಟಿ ಕಂಪೆನಿ ಡಾಕ್ಟರು, ಎಲ್ಲಾದರೂ ನೋವಿದೆಯಾ ಎಂದು ಕೇಳಿದರು. ಅವನು ಅದನ್ನು ಪ್ರೀತಿ ಎಂದು ತಿಳಿದು ಇದ್ದದ್ದನ್ನೆಲ್ಲ ಬಾಯಿಬಿಟ್ಟ. ಹದಿನೈದೇ ದಿನದಲ್ಲಿ ವೀಸಾ ಕ್ಯಾನ್ಸಲ್, ಖಲಾಸ್. ಅಂದಿನಿಂದ ಯಾವ ಡಾಕ್ಟರು ಏನು ಕೇಳಿದರೂ ಶುಕೂರಾಕನ ಉತ್ತರ ಒಂದೇ: ಮಾಫಿ. ಏನೂ ಇಲ್ಲ. ತಲೆನೋವು ಮಾಫಿ, ಎದೆನೋವು ಮಾಫಿ, ನಿದ್ದೆ ಮಾತ್ರ ಭರ್ತಿ. ಸಾಮಾನು ಜೋಡಿಸಿದ ಮರದ ಪ್ಯಾಲೆಟ್ ಬಿದ್ದು ಎಡಗೈಯ ಎರಡು ಬೆರಳು ಸೊಟ್ಟಗಾದಾಗಲೂ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಮಾಫಿ ಹೇಳಿದ ಗಟ್ಟಿ ಕುಳ ಅವರು.

ಅಂಥವರು ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದುಬೈಯ ಸತ್ವಾದಿಂದ ಅಬುಧಾಬಿಯ ಆಸ್ಪತ್ರೆಗೆ ಕಾರು ಓಡಿಸುತ್ತಿದ್ದರು. ಮಗ ಫಾರಿಸನಿಗೆ ಇಪ್ಪತ್ತೈದು. ಅವನ ಕಸುಬು ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಆದರೂ ಅದರಲ್ಲಿ ಕಾಲಿಗೆ ಕೆಲಸ ಕಡಿಮೆ, ಮೈಗೇ ಹೆಚ್ಚು. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಗುರಾಣಿಯಂಥ ಪ್ಯಾಡು ಕಟ್ಟಿಕೊಂಡ ಹನ್ನೊಂದು ಮಂದಿ ಮೊಟ್ಟೆಯಾಕಾರದ ಚೆಂಡನ್ನು ಮುಂದಕ್ಕೆ ಒಯ್ಯುವುದು, ಎದುರಿನ ಹನ್ನೊಂದು ಮಂದಿ ಅವರನ್ನು ಕೆಡವುವುದು. ಫಾರಿಸ್ ಕೆಡವುವ ಕಡೆಯವನು, ಅದರಲ್ಲೂ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಅವನ ಕೈಯಿಂದ ತಪ್ಪಿಸಿಕೊಂಡರೆ ಆಮೇಲೆ ತಡೆಯಲು ಯಾರೂ ಇಲ್ಲ. ಆ ಜಾಗಕ್ಕೆ ಸೇಫ್ಟಿ ಎನ್ನುತ್ತಾರೆಂದು ಕೇಳಿದ ದಿನ ಅವನ ತಾಯಿ ಹಲೀಮ, ಸದ್ಯ ಪೆಟ್ಟಾಗದ ಜಾಗವನ್ನೇ ಕೊಟ್ಟಿದ್ದಾರಲ್ಲ ಎಂದು ಎರಡು ರಕಾತ್ ನಮಾಜು ಹೆಚ್ಚಿಗೆ ಮಾಡಿದ್ದಳು.

ಐದು ವರ್ಷ ಜರ್ಮನಿಯ ಒಂದು ಕ್ಲಬ್ಬಿನಲ್ಲಿ ಆಡಿದ ಮೇಲೆ ಈಗ ಕೆನಡಾದ ತಂಡವೊಂದು ಅವನನ್ನು ಮೂರು ವರ್ಷಕ್ಕೆ ಕರೆದಿತ್ತು. ಸತ್ವಾದಲ್ಲಿ ಹಲವು ಸಂಸಾರಗಳು ಹಂಚಿಕೊಂಡ ವಿಲ್ಲಾದಲ್ಲಿ ಬೆಳೆದ ಬ್ಯಾರಿ ಹುಡುಗನೊಬ್ಬ ಅಷ್ಟು ದೂರ ಹೋದದ್ದು ಅವರಿಗೆ ಗೊತ್ತಿದ್ದ ಮಟ್ಟಿಗೆ ಇದೇ ಮೊದಲು. ಉಳಿದಿದ್ದದ್ದು ಒಂದೇ ಕಾಗದ. ಇವನ ತಲೆ ಸರಿಯಾಗಿದೆ ಎಂದು ಡಾಕ್ಟರು ಸಹಿ ಹಾಕಬೇಕು.

"ಉಪ್ಪ, ಅಲ್ಲಿ ನೀವು ಎಂತದೂ ಮಾತಾಡ್ಬೇಡಿ ಆಯ್ತಾ," ಫಾರಿಸ್ ಕಪ್ಪು ಕನ್ನಡಕದ ಹಿಂದಿನಿಂದ ಅಪ್ಪನಿಗೆ ಹೇಳಿದ. "ಇಟ್ಸ್ ಜಸ್ಟ್ ರುಟೀನ್."

"ನಾನು ಎಂತ ಮಾತಾಡ್ಲಿಕ್ಕುಂಟು ಮೋನೆ," ಎಂದರು ಶುಕೂರಾಕ.

ಮಾತಾಡಲಿಕ್ಕೆ ಇತ್ತು. ಆರು ವರ್ಷದಿಂದ ಇತ್ತು.

ಇದೆಲ್ಲ ಶುರುವಾದದ್ದು ಕಬಡ್ಡಿಯಿಂದ. ಗಲ್ಫಿಗೆ ಬರುವ ಮೊದಲು ಕೈಕಂಬದ ತಂಡದಲ್ಲಿ ಶುಕೂರ್ ಎಂದರೆ ಎಡಮೂಲೆಯ ಕ್ಯಾಚರ್; ಬಂದವನ ಪಾದ ಅವರ ಕೈಗೆ ಸಿಕ್ಕಿದರೆ ಅವನು ಮರಳಿ ಮನೆ ಸೇರುವ ಮಾತಿಲ್ಲ. ಇಲ್ಲಿ ಬಂದು ಜೆಬೆಲ್ ಅಲಿಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ ಮೇಲೆ ಆಟ ನಿಂತಿತು, ಆದರೆ ಚಟ ಬಿಡಲಿಲ್ಲ. ರಜೆಯ ದಿನ ಜುಮೈರಾದ ಮರಳಿನಲ್ಲಿ ಮಗನನ್ನು ಓಡಿಸಿ, ಹಿಡಿದು, ಕೆಡವಿ ಆಡಿಸುತ್ತಿದ್ದರು. ಆಮೇಲೆ ಅವನಿಂದ ತಮ್ಮನ್ನು ಕೆಡವಿಸಿಕೊಂಡರು. ಹದಿನಾರನೇ ವಯಸ್ಸಿಗೆ ಮಗ ಗೆಳೆಯನೊಬ್ಬನ ಜೊತೆ ಅಮೆರಿಕನ್ ಹುಡುಗರ ಆಟ ನೋಡಲು ಹೋದವನು, ಒಬ್ಬ ಆಳು ಕಮ್ಮಿಯಾದಾಗ ಒಳಗಿಳಿದು, ತನಗಿಂತ ಎರಡು ಪಾಲು ದಪ್ಪದ ಹುಡುಗನನ್ನು ಉರುಳಿಸಿಬಿಟ್ಟ. ಅಲ್ಲಿನ ಕೋಚ್ ಟೆರೆಲ್ ಎಂಬ ಎತ್ತರದ ಕರಿಯ ಮನುಷ್ಯ. ತಾನೇ ಅಮೆರಿಕದ ದೊಡ್ಡ ತಂಡದಲ್ಲಿ ಒಂಬತ್ತು ವರ್ಷ ಡಿಫೆನ್ಸ್ ಆಡಿ, ಈಗ ದುಬೈಯ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು. ಹೀಗೆ ಹಿಡಿಯುವುದನ್ನು ಯಾರು ಕಲಿಸಿದರು ಎಂದು ಅವನು ಕೇಳಿದಾಗ ಫಾರಿಸ್ ತನ್ನನ್ನು ಕರೆದೊಯ್ಯಲು ಬಂದು ಬೇಲಿಯಾಚೆ ನಿಂತಿದ್ದ ಅಪ್ಪನನ್ನು ತೋರಿಸಿದ. ಟೆರೆಲ್ ಬಂದು ಶುಕೂರಾಕನ ಸೊಟ್ಟ ಬೆರಳಿನ ಕೈಯನ್ನು ಹಿಡಿದು ಕುಲುಕಿದ. ಆ ಹೊತ್ತು ಶುಕೂರಾಕನ ಎದೆ ಎಷ್ಟು ಉಬ್ಬಿತೆಂದರೆ, ಆ ರಾತ್ರಿ ಅವರು ಊಟವನ್ನೂ ಮಾತಾಡುತ್ತಲೇ ಮಾಡಿದರು.

ಹತ್ತೊಂಬತ್ತಕ್ಕೆ ಜರ್ಮನಿಯ ಕ್ಲಬ್ಬು ಅವನನ್ನು ಆರಿಸಿತು. ಹೋಗುವ ಮೊದಲು ಅಬುಧಾಬಿಯಲ್ಲಿ ಒಂದು ಪರೀಕ್ಷೆ ಮಾಡಿಸಿ ಕಳಿಸಬೇಕಿತ್ತು. ಡಾಕ್ಟರು ಹತ್ತು ಪದ ಓದುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುತ್ತಾರೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಆಟದಲ್ಲಿ ತಲೆಗೆ ಪೆಟ್ಟಾದಾಗ ಮತ್ತೆ ಹತ್ತು ಪದ. ಸಂಖ್ಯೆ ಇಳಿದಿದ್ದರೆ ಆಟ ಇಲ್ಲ, ಇಳಿಯದಿದ್ದರೆ ಮರುವಾರ ಮೈದಾನಕ್ಕೆ. ಇದನ್ನು ಕೇಳಿದ್ದೇ ಶುಕೂರಾಕನ ತಲೆಯಲ್ಲಿ ದೀಪ ಹತ್ತಿತು. ಹಾಳಾದ ದೀಪ.

ಅವರು ಗೋದಾಮಿಗೆ ಸೇರಿದ ಮೊದಲ ದಿನ ಹಿರಿಯ ಕೆಲಸಗಾರ ಪುತ್ತೂರಿನ ಸೇಸಪ್ಪ ಕಿವಿಯಲ್ಲಿ ಒಂದು ಮಾತು ಹೇಳಿದ್ದ. "ಇವತ್ತು ಫೋರ್‌ಮನ್ ನಿನ್ನ ಪೆಟ್ಟಿಗೆ ಲೆಕ್ಕ ಹಾಕ್ತಾನೆ. ಎಷ್ಟು ಎತ್ತಿದಿಯೋ ನಾಳೆಯಿಂದ ದಿನಾ ಅಷ್ಟೇ ಎತ್ತಬೇಕು. ಶಕ್ತಿ ತೋರಿಸ್ಲಿಕ್ಕೆ ಹೋಗಬೇಡ ಮಾರಾಯ. ಸ್ವಲ್ಪ ಒಳಗೆ ಇಟ್ಟುಕೋ. ಜ್ವರ ಬಂದ ದಿನಕ್ಕೆ ಬೇಕಾಗ್ತದೆ." ಶುಕೂರಾಕ ಎಂಬತ್ತೈದು ಎತ್ತಬಲ್ಲವರು ಅರವತ್ತು ಎತ್ತಿದರು. ಪಕ್ಕದ ಒಬ್ಬ ತರುಣ ಹುರುಪಿನಲ್ಲಿ ತೊಂಬತ್ತು ಎತ್ತಿದ. ಎರಡೇ ಬೇಸಗೆಯಲ್ಲಿ ಅವನ ಸೊಂಟ ಹೋಯಿತು. ಒಳಗಿಟ್ಟುಕೊಂಡ ಆ ಇಪ್ಪತ್ತೈದು ಪೆಟ್ಟಿಗೆಯ ಬಲದ ಮೇಲೆ ಶುಕೂರಾಕ ಜ್ವರ, ಬೆನ್ನುನೋವು, ಹೆತ್ತ ಉಮ್ಮ ತೀರಿಹೋದ ವಾರ, ಎಲ್ಲವನ್ನೂ ದಾಟಿ ಸೂಪರ್‌ವೈಸರ್ ಆದರು. ಅವರ ಮಟ್ಟಿಗೆ ಅದು ಮೋಸವಲ್ಲ, ಬದುಕುವ ದಾರಿ.

ಆ ದಾರಿಯನ್ನೇ ಮಗನಿಗೂ ತೋರಿಸಿದರು. ಆವತ್ತು ಇದೇ ರಸ್ತೆಯಲ್ಲಿ, ಇದೇ ಕಾರಿನಲ್ಲಿ, ದಾರಿಯುದ್ದಕ್ಕೂ ಹತ್ತು ಹತ್ತು ಪದ ಹೇಳಿ ಅಭ್ಯಾಸ ಮಾಡಿಸಿದ್ದರು. ಹುಡುಗನ ತಲೆ ಹೊಸ ಬ್ಲೇಡಿನ ಹಾಗಿತ್ತು. ಹತ್ತಕ್ಕೆ ಹತ್ತು, ಹಿಂದುಮುಂದಾಗಿ ಕೇಳಿದರೂ ಹತ್ತು.

"ಹತ್ತು ಗೊತ್ತಿದ್ರೆ ಏಳು ಹೇಳು," ಎಂದಿದ್ದರು ಶುಕೂರಾಕ. "ಮೂರು ಒಳಗೆ ಇಟ್ಟುಕೋ. ಪೆಟ್ಟಾದ ದಿನ ಏಳು ಬಂದ್ರೆ ಸಾಕು, ಅವರ ಕಾಗದದಲ್ಲಿ ನೀನು ಸರಿ ಇದ್ದಿ."

"ಈಸ್ ದಟ್ ಚೀಟಿಂಗ್, ಉಪ್ಪ?"

"ಚೀಟಿಂಗ್ ಎಂತದು. ನಿನ್ನ ತಲೆ, ನಿನ್ನ ಪದ. ಎಷ್ಟು ಬೇಕೋ ಅಷ್ಟು ತೆಗಿ."

ಇಬ್ಬರೂ ನಕ್ಕಿದ್ದರು. ಕಾಗದದಲ್ಲಿ ಏಳು ಎಂದು ಬಿತ್ತು.

ಕೋಚ್ ಟೆರೆಲ್ ಊರಿಗೆ ಮರಳುವ ಮುಂಚೆ ಸತ್ವಾದ ಮನೆಗೆ ಊಟಕ್ಕೆ ಬಂದಿದ್ದ. ನೆಲದ ಮೇಲೆ ಕೂತು ಹಲೀಮ ಮಾಡಿದ ಕೋರಿರೊಟ್ಟಿಯನ್ನು ಮೂರು ಸಲ ಹಾಕಿಸಿಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, ಮಗ ಡಾಕ್ಟರಿಗೆ ನಿಜ ಹೇಳುವ ಹಾಗೆ ನೋಡಿಕೊಳ್ಳಿ ಎಂದ. ನಾನು ಒಂಬತ್ತು ವರ್ಷ ಸುಳ್ಳು ಹೇಳಿದೆ, ಈಗ ನನ್ನ ಮಗಳ ಹುಟ್ಟಿದ ದಿನವನ್ನು ನನ್ನ ಫೋನು ನನಗೆ ಹೇಳಬೇಕು ಎಂದು ಫೋನು ತೋರಿಸಿದ. ಶುಕೂರಾಕ ತಲೆಯಾಡಿಸಿದರು. ಅವನು ಹೋದ ಮೇಲೆ, "ಈ ಅಮೆರಿಕದವರಿಗೆ ಇರುವೆ ಕಚ್ಚಿದ್ರೂ ಆಸ್ಪತ್ರೆ," ಎಂದು ಹಲೀಮಳಿಗೆ ಹೇಳಿ ನಕ್ಕರು. ಆ ನಗು ನೆನಪಾದಾಗಲೆಲ್ಲ ಈಗ ಅವರಿಗೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಜರ್ಮನಿಯಿಂದ ಪಂದ್ಯ ಮುಗಿದ ಮರುದಿನ ಫಾರಿಸ್ ಫೋನು ಮಾಡುತ್ತಿದ್ದ. ಇಷ್ಟು ಮಂದಿಯನ್ನು ಕೆಡವಿದೆ, ಎರಡು ಚೆಂಡು ಕಸಿದೆ ಎಂಬ ಸುದ್ದಿ. ಶುಕೂರಾಕ ಅದನ್ನು ಸತ್ವಾದ ಚಾ ಅಂಗಡಿಯಲ್ಲಿ ನಾಲ್ಕು ಪಾಲು ಮಾಡಿ ಹಂಚುತ್ತಿದ್ದರು. ಕೆಲವೊಮ್ಮೆ ಫೋನಿನಲ್ಲಿ ಬೇರೆ ಸುದ್ದಿಯೂ ಬರುತ್ತಿತ್ತು. "ನಿನ್ನೆ ಒಬ್ಬನ ಮೊಣಕಾಲು ಹೆಲ್ಮೆಟ್ಟಿಗೆ ಬಡಿದು ಸ್ವಲ್ಪ ಹೊತ್ತು ಬ್ಲಾಂಕ್ ಆಯ್ತು ಉಪ್ಪ. ಟೆಸ್ಟ್ ಮಾಡಿದ್ರು. ಸೆವೆನ್." "ಪಾಸಾಯ್ತಲ್ಲ ಮತ್ತೆ," ಎನ್ನುತ್ತಿದ್ದರು ಶುಕೂರಾಕ. ಈ ಸುದ್ದಿಯನ್ನು ಅವರು ಚಾ ಅಂಗಡಿಗೂ ಒಯ್ಯಲಿಲ್ಲ, ಹಲೀಮಳಿಗೂ ಹೇಳಲಿಲ್ಲ. ಐದು ವರ್ಷದಲ್ಲಿ ಅಂಥ ಫೋನು ಆರು ಸಲ ಬಂತು. ಆರು ಸಲವೂ ಏಳು. ಆರು ಸಲವೂ ಮರುವಾರ ಮಗ ಮೈದಾನದಲ್ಲಿ.

ಈ ಸಲ ಜನವರಿಯಲ್ಲಿ ರಜೆಗೆ ಬಂದವನು ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಖುಬ್ಬೂಸ್ ರೊಟ್ಟಿ ತರಲು ಬೇಕರಿಗೆ ಹೋದವನು ಒಂದು ಗಂಟೆಯಾದರೂ ಬರದಿದ್ದಾಗ ಹುಡುಕಿಕೊಂಡು ಹೋದರೆ, ಎರಡು ಗಲ್ಲಿಯಾಚೆ ತಾವು ಹತ್ತು ವರ್ಷದ ಹಿಂದೆ ಬಾಡಿಗೆಗಿದ್ದ ವಿಲ್ಲಾದ ಗೇಟಿನ ಮುಂದೆ ನಿಂತಿದ್ದ. ಕೇಳಿದ್ದಕ್ಕೆ ಹಳೆಯ ಮನೆ ನೋಡುವ ಮನಸ್ಸಾಯಿತು ಎಂದ. ಕೈಯಲ್ಲಿದ್ದ ಖುಬ್ಬೂಸ್ ತಣ್ಣಗಾಗಿತ್ತು. ಶುಕೂರಾಕ ನಂಬಿದರು. ನಂಬುವುದು ಅವರಿಗೆ ಬೇಕಾಗಿತ್ತು.

ಅಬುಧಾಬಿ ತಲುಪಿದಾಗ ಅಪಾಯಿಂಟ್‌ಮೆಂಟಿಗೆ ಇನ್ನೂ ಎರಡು ಗಂಟೆಯಿತ್ತು. ಯಾವ ಕೆಲಸಕ್ಕೂ ಎರಡು ಗಂಟೆ ಮೊದಲೇ ಹೋಗುವುದು ಶುಕೂರಾಕನ ಪದ್ಧತಿ. ಅಲ್ ಮೀನಾದ ಕಾರ್ಪೆಟ್ ಅಂಗಡಿಗಳ ಸಾಲು ದಾಟಿ ಮೀನು ಮಾರ್ಕೆಟ್ಟಿಗೆ ಹೋದರು. ದೊಡ್ಡದೊಂದು ಅಂಜಲ್ ಮೀನು ಆರಿಸಿ, ಕತ್ತರಿಸಿಕೊಡುವ ಕೌಂಟರಿಗೆ ಕೊಟ್ಟು, ಟೋಕನ್ನನ್ನು ಮಗನ ಕೈಗಿತ್ತು, ತಾವು ಐಸ್ ಪೆಟ್ಟಿಗೆ ತರಲು ಕಾರಿನತ್ತ ನಡೆದರು.

ಮರಳಿ ಬಂದಾಗ ಮಗ ಕೌಂಟರಿನ ಹತ್ತಿರ ಇರಲಿಲ್ಲ. ಮೀನು ಕತ್ತರಿಸುವವನು ಅವರ ಟೋಕನ್ನಿನ ನಂಬರನ್ನು ಕೂಗಿ ಕೂಗಿ ಸುಸ್ತಾಗಿದ್ದ. ಫಾರಿಸ್ ಒಣಮೀನಿನ ಕಡೆಯ ಬಾಗಿಲ ಬಳಿ ನಿಂತು ಟೋಕನ್ನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆರಡಿ ಎತ್ತರದ, ಜನ ತಿರುಗಿ ನೋಡುವಂಥ ಆಳು. ಮುಖ ಮಾತ್ರ ಜಾತ್ರೆಯಲ್ಲಿ ಕೈತಪ್ಪಿದ ಮಗುವಿನದು.

"ಉಪ್ಪ, ನಾವು ಇಲ್ಲಿ ಎಂತ ತಗೊಂಡದ್ದು?" ಎಂದು ಕೇಳಿದ.

ಶುಕೂರಾಕನ ಕೈಯಿಂದ ಐಸ್ ಪೆಟ್ಟಿಗೆ ಜಾರಿತು. ಅದನ್ನು ಕಂಡು ಫಾರಿಸ್ ಬೇಗ ಬೇಗ ನಕ್ಕ. "ಜೋಕಿಂಗ್, ಉಪ್ಪ. ಮೀನು." ಯಾವ ಮೀನು ಎಂದು ಅವರು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಆಸ್ಪತ್ರೆಯವರೆಗಿನ ಹತ್ತು ನಿಮಿಷ ಶುಕೂರಾಕ ತಮ್ಮೊಳಗೇ ಲೆಕ್ಕ ಹಾಕಿದರು. ಇವನ ತಲೆಗೆ ಏನೋ ಆಗಿದೆ, ಅದು ಖಂಡಿತ. ಆದರೂ ಮೂರು ಪದ ಒಳಗೆ ಇವೆಯಲ್ಲ. ಹುಡುಗ ಇಂದೂ ಹೇಳುವುದು ಏಳೇ. ಒಳಗೆ ಎಂಟೋ ಒಂಬತ್ತೋ ಇರುತ್ತದೆ. ಒಂದೆರಡು ಹೋಗಿದ್ದರೆ ಔಷಧಿ ಕೊಟ್ಟಾರು, ಸ್ವಲ್ಪ ಕಾಲ ಆಟ ಬಿಡಿಸಿಯಾರು. ಆದರೆ ತಾನು ಬಾಯಿಬಿಟ್ಟರೆ ಕೆನಡಾ ಹೋಗುತ್ತದೆ, ಮಗ ಒಂಬತ್ತು ವರ್ಷ ಬೆವರು ಸುರಿಸಿ ಕಟ್ಟಿದ್ದು ಹೋಗುತ್ತದೆ. ಬಿಡದಿದ್ದರೆ? ಬಿಡದಿದ್ದರೆ ಟೆರೆಲ್‌ನ ಫೋನು ಕಣ್ಣ ಮುಂದೆ ಬರುತ್ತಿತ್ತು.

ಡಾಕ್ಟರು ಹೊಸಬರು, ಸಮೀಕ್ಷಾ ಎಂದು ಬಾಗಿಲ ಮೇಲೆ ಹೆಸರಿತ್ತು. ಶುಕೂರಾಕ ಮಗನಿಗೆ ಹೇಳುತ್ತಿದ್ದ ಏನೋ ಮಾತು ಕಿವಿಗೆ ಬಿದ್ದು ಆಕೆ ತಲೆಯೆತ್ತಿದರು.

"ಮಂಗಳೂರು ಕಡೆಯವ್ರಾ ಸರ್? ನಾನು ಮೈಸೂರು. ಬನ್ನಿ, ನೀವೂ ಒಳಗೇ ಕೂತ್ಕೊಳ್ಳಿ. ಆದ್ರೆ ಮಧ್ಯೆ ಮಾತಾಡಬಾರ್ದು, ಸರೀನಾ?"

ಕನ್ನಡ ಕೇಳಿದ್ದೇ ಶುಕೂರಾಕನಿಗೆ ಕಷ್ಟವಾಯಿತು. ಇಂಗ್ಲಿಷಿನ ಡಾಕ್ಟರಾಗಿದ್ದರೆ, ಹೇಳಲು ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಡಾಕ್ಟರು ಹತ್ತು ಇಂಗ್ಲಿಷ್ ಪದ ಓದಿದರು. ಬೇರೆ ಏನೇನೋ ಕೇಳಿದರು, ಒಂಟಿ ಕಾಲಿನ ಮೇಲೆ ನಿಲ್ಲಿಸಿದರು, ಕಣ್ಣಿಗೆ ಬೆಳಕು ಬಿಟ್ಟರು. ಬೆಳಕಿಗೆ ಫಾರಿಸನ ದವಡೆ ಬಿಗಿಯಿತು. ತಲೆನೋವು ಬರುತ್ತದಾ ಎಂದರೆ ಇಲ್ಲ. ನಿದ್ದೆ ಬರುತ್ತದಾ ಎಂದರೆ ಚೆನ್ನಾಗಿ. ಒಂದೊಂದು ಉತ್ತರವೂ ಜೆಬೆಲ್ ಅಲಿಯ ಕಂಪೆನಿ ಬಸ್ಸಿನಲ್ಲಿ ಹೊಸಬರಿಗೆ ಹಳಬರು ಬಾಯಿಪಾಠ ಮಾಡಿಸುತ್ತಿದ್ದ ಉತ್ತರವೇ. ಭಾಷೆ ಮಾತ್ರ ಒಳ್ಳೆಯ ಇಂಗ್ಲಿಷು. ಕೊನೆಗೆ ಪದಗಳನ್ನು ಕೇಳಿದರು. ಫಾರಿಸ್ ನಿಧಾನವಾಗಿ ಏಳು ಹೇಳಿ ನಿಲ್ಲಿಸಿದ.

ಡಾಕ್ಟರು ಹಳೆಯ ಹಾಳೆಗಳನ್ನು ಮಗುಚಿದರು. "ಆರು ವರ್ಷದ ಹಿಂದೆ ಏಳು. ಜರ್ಮನಿಯಲ್ಲಿ ಮಾಡಿದ್ದೆಲ್ಲ ಏಳು. ಇವತ್ತೂ ಏಳು. ಏನೂ ಬದಲಾವಣೆ ಇಲ್ಲ ಸರ್, ಖುಷಿಪಡಿ," ಎಂದು ಪೆನ್ನು ತೆಗೆದರು.

ಫಾರಿಸ್ ಉಸಿರು ಬಿಟ್ಟದ್ದು ಕೇಳಿಸಿತು. ಶುಕೂರಾಕ ಸೊಟ್ಟ ಬೆರಳಿನ ಕೈಯನ್ನು ಜೇಬಿನಿಂದ ಹೊರಗೆ ತೆಗೆದರು.

"ಮೇಡಂ, ಸಹಿ ಹಾಕಬೇಡಿ."

"ಉಪ್ಪ," ಎಂದ ಫಾರಿಸ್.

"ಅದು ಸುಳ್ಳು ಏಳು ಮೇಡಂ. ಮೊದಲನೇ ದಿನವೇ ಸುಳ್ಳು. ಅವನಿಗೆ ಹತ್ತೂ ಗೊತ್ತಿತ್ತು. ಏಳು ಹೇಳು ಅಂತ ನಾನು ಕಲಿಸಿದ್ದು. ಅವನ ತಪ್ಪಿಲ್ಲ." ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲು ಅವರಿಂದ ಆಗಲಿಲ್ಲ. ಗೋದಾಮು, ಪೆಟ್ಟಿಗೆ, ಸೇಸಪ್ಪ, ಜರ್ಮನಿಯಿಂದ ಬಂದ ಆರು ಫೋನು, ಬೇಕರಿ, ಇಂದಿನ ಟೋಕನ್, ಎಲ್ಲವನ್ನೂ ಹೇಳಿದರು. ಜೀವಮಾನದಲ್ಲಿ ಒಬ್ಬ ಡಾಕ್ಟರ ಮುಂದೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. "ಇವನು ಇವತ್ತೂ ಮೂರು ಒಳಗೆ ಇಟ್ಟುಕೊಂಡಿದ್ದಾನೆ. ಸರಿಯಾಗಿ ಹೇಳ್ಲಿಕ್ಕೆ ಹೇಳಿ. ಎಷ್ಟು ಬರ್ತದೆ ನೋಡಿ. ಮತ್ತೆ ನೀವು ಎಂತ ಬರೀತೀರೋ ಬರೀರಿ."

ಡಾಕ್ಟರು ಪೆನ್ನು ಮುಚ್ಚಿದರು. ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎನಿಸಿತು ಶುಕೂರಾಕನಿಗೆ. ಆಕೆ ಫಾರಿಸನನ್ನು ನೋಡಿದರು. ಫಾರಿಸ್ ನೆಲ ನೋಡುತ್ತಿದ್ದ. ಅಪ್ಪ ಹೇಳಿದ್ದು ನಿಜವೆಂದೂ ಹೇಳಲಿಲ್ಲ, ಸುಳ್ಳೆಂದೂ ಹೇಳಲಿಲ್ಲ.

"ಇನ್ನೊಂದ್ಸಲ ಮಾಡೋಣ," ಎಂದರು ಡಾಕ್ಟರು ಮೆಲ್ಲಗೆ. "ಬೇರೆ ಪದಗಳು. ಈ ಸಲ ಒಂದನ್ನೂ ಬಿಡಬೇಡಿ ಫಾರಿಸ್. ಎಷ್ಟು ಸಾಧ್ಯವೋ ಅಷ್ಟೂ."

ರಿವರ್, ಕಾರ್ಪೆಟ್, ಬಟನ್, ಲೆಮನ್, ಹ್ಯಾಮರ್, ಸ್ಕೂಲ್, ಕ್ಯಾಂಡಲ್, ಹಾರ್ಸ್, ವಿಂಡೋ, ಅಂಕಲ್. ಶುಕೂರಾಕ ಅವನ್ನು ಒಂದೊಂದಾಗಿ ಗೋದಾಮಿನ ಕಪಾಟಿನಲ್ಲಿ ಇಡುವ ಹಾಗೆ ಮನಸ್ಸಿನಲ್ಲಿ ಸಾಲಾಗಿ ಇಟ್ಟರು. ಐವತ್ತಾರು ವರ್ಷದ ತಲೆ, ಓದಿದ್ದು ಏಳನೇ ಕ್ಲಾಸು. ಇಪ್ಪತ್ತು ನಿಮಿಷ ಕಳೆದು ಡಾಕ್ಟರು ಕೇಳಿದಾಗ ಹತ್ತೂ ಅವರ ನಾಲಗೆಯ ತುದಿಯಲ್ಲಿದ್ದವು.

"ರಿವರ್," ಎಂದ ಫಾರಿಸ್. "ಬಟನ್. ಹ್ಯಾಮರ್. ಹಾರ್ಸ್." ಸ್ವಲ್ಪ ಹೊತ್ತು. "ಸ್ಕೂಲ್." ಮತ್ತೂ ಸ್ವಲ್ಪ ಹೊತ್ತು. "ವಿಂಡೋ."

ಅವನ ಹಣೆಯಲ್ಲಿ ಬೆವರಿತ್ತು. ಮೈದಾನದಲ್ಲಿ ಓಡಿ ಬರುವವನ ಕಾಲಿನ ಮೇಲೆ ಕಣ್ಣಿಡುವ ಹಾಗೆ ಮೇಜಿನ ಮೇಲಿನ ಒಂದು ಜಾಗದ ಮೇಲೆ ಕಣ್ಣಿಟ್ಟಿದ್ದ. ಇದು ನಟನೆಯಲ್ಲ ಎಂದು ಶುಕೂರಾಕನಿಗೆ ತಿಳಿಯಿತು. ಜುಮೈರಾದ ಮರಳಿನಲ್ಲಿ ಅಪ್ಪನನ್ನು ಕೆಡವಲು ಹಲ್ಲುಕಚ್ಚುತ್ತಿದ್ದ ಮುಖವೇ ಇದು.

"ಹಾರ್ಸ್," ಎಂದ ಮತ್ತೆ.

"ಅದು ಹೇಳಿಯಾಯ್ತು," ಎಂದರು ಡಾಕ್ಟರು.

ಫಾರಿಸ್ ತಿರುಗಿ ಅಪ್ಪನನ್ನು ನೋಡಿದ. ಚಿಕ್ಕಂದಿನಲ್ಲಿ ಮದರಸದಲ್ಲಿ ಪಾಠ ಒಪ್ಪಿಸುವಾಗ ಸಿಕ್ಕಿಬಿದ್ದರೆ ಹೀಗೆಯೇ ತಿರುಗಿ ನೋಡುತ್ತಿದ್ದ. ಕಿಟಕಿಯಾಚೆಯಿಂದ ಶುಕೂರಾಕ ತುಟಿಯಾಡಿಸಿ ಹೇಳಿಕೊಡುತ್ತಿದ್ದರು. ಈಗಲೂ ಅವರ ತುಟಿ ತಾನಾಗಿಯೇ ತೆರೆಯಿತು. ಅವರು ಬಾಯಿಗೆ ಅಡ್ಡ ಕೈಯಿಟ್ಟುಕೊಂಡರು. ಕಾರ್ಪೆಟ್, ಲೆಮನ್, ಕ್ಯಾಂಡಲ್, ಅಂಕಲ್. ಆ ನಾಲ್ಕು ಪದವನ್ನು ಹೊರಗೆ ಬಿಡಲಿಲ್ಲ.

"ಸಾಕು ಫಾರಿಸ್," ಎಂದರು ಡಾಕ್ಟರು. ಕಾಗದವನ್ನು ಮಡಚಿ ಬದಿಗಿಟ್ಟರು. ಸೋಮವಾರ ಸ್ಕ್ಯಾನ್ ಮಾಡಿಸಬೇಕು ಎಂದರು. ಆಟದ ಮಾತನ್ನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಬಿಸಿಲು ಏರಿತ್ತು. ಕಾರಿನ ಹಿಂದೆ ಐಸ್ ಪೆಟ್ಟಿಗೆಯಲ್ಲಿ ಅಂಜಲ್ ಇತ್ತು, ಹಲೀಮ ಎರಡು ಸಲ ಫೋನು ಮಾಡಿದ್ದಳು, ಶುಕೂರಾಕ ಎತ್ತಿರಲಿಲ್ಲ. ಊರು ದಾಟಿ ಹೆದ್ದಾರಿಗೆ ಬರುವವರೆಗೂ ಮಗ ಬೈಯಲಿ ಎಂದು ಅವರು ಕಾಯುತ್ತಿದ್ದರು. ಅವನ ಮೂರು ವರ್ಷವನ್ನು, ಕೆನಡಾವನ್ನು, ಅವನು ಕೆಡವಲಿಕ್ಕಿದ್ದ ಅಷ್ಟೂ ಮಂದಿಯನ್ನು ತಾವು ಒಂದು ಮಾತಿನಲ್ಲಿ ಮುಗಿಸಿದ್ದರು. ಆ ಮಾತು ಆರು ವರ್ಷ ತಡವಾಗಿ ಬಂದಿತ್ತು ಬೇರೆ.

"ಮೋನೆ," ಎಂದರು ಕೊನೆಗೆ ತಾವೇ. "ಆವತ್ತು ಕಾರಲ್ಲಿ ನಾನು ಆ ಮಾತು ಹೇಳಬಾರದಿತ್ತು. ನಂದೇ ತಪ್ಪು."

ಫಾರಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಮೊದಲ ಎರಡು ಮೂರು ವರ್ಷ ನಾನು ನೀವು ಹೇಳಿದ ಹಾಗೇ ಮಾಡಿದೆ ಉಪ್ಪ. ಹತ್ತು ಗೊತ್ತಿರ್ತಿತ್ತು, ಏಳು ಹೇಳ್ತಿದ್ದೆ." ಅವನು ಕನ್ನಡಕವನ್ನು ಮಡಚಿದ. "ಮತ್ತೆ ಒಂದು ದಿನ ನೋಡುವಾಗ ಒಳಗೆ ಮೂರು ಇರಲಿಲ್ಲ. ಏಳೇ ಇದ್ದದ್ದು. ಈಗ ಎರಡು ವರ್ಷ ಆಯ್ತು, ಟೆಸ್ಟಿನ ಮೊದಲು ದಿನಾ ಪ್ರಾಕ್ಟೀಸ್ ಮಾಡ್ತೇನೆ. ಏಳು ಬರ್ಲಿಕ್ಕೆ."

ಶುಕೂರಾಕ ಕಾರನ್ನು ಬಲಬದಿಗೆ ತಂದು ನಿಲ್ಲಿಸಿದರು. ಅಲ್ಲಿ ನಿಲ್ಲಿಸಬಾರದೆಂದು ಗೊತ್ತಿದ್ದೂ ನಿಲ್ಲಿಸಿದರು. ಲಾರಿಗಳು ಜೆಬೆಲ್ ಅಲಿಯ ಕಡೆಗೆ ಹೋಗುತ್ತಿದ್ದವು. ಪ್ರತಿಯೊಂದು ಹೋದಾಗಲೂ ಕಾರು ಸಣ್ಣಗೆ ಅಲುಗುತ್ತಿತ್ತು.

"ನನಗೆ ಯಾಕೆ ಹೇಳ್ಲಿಲ್ಲ?"

"ಫೋನಲ್ಲಿ ಸೆವೆನ್ ಅಂದ್ರೆ ನೀವು ಪಾಸಾಯ್ತಲ್ಲ ಮತ್ತೆ ಅಂತಿದ್ರಲ್ಲ," ಎಂದ ಫಾರಿಸ್. ದೂರಿದ ಹಾಗೆ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ಅಷ್ಟು ಖುಷಿ ನಿಮಗೆ."

ಶುಕೂರಾಕ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟುಕೊಂಡು ಅತ್ತರು. ಮಗ ಅವರ ಬೆನ್ನ ಮೇಲೆ ಕೈಯಿಟ್ಟ. ಅವರ ಅಳು ತಗ್ಗಿದ ಮೇಲೆ ಅವನೇ ಕೇಳಿದ.

"ಉಪ್ಪ, ಇವತ್ತು ಬಿಟ್ಟುಹೋದದ್ದು ಯಾವುದು? ನಿಮಗೆ ನೆನಪುಂಟಾ?"

"ಉಂಟು."

"ಹೇಳಿ."

"ಕಾರ್ಪೆಟ್," ಎಂದರು ಶುಕೂರಾಕ ಮುಖ ಒರೆಸಿಕೊಂಡು. "ಲೆಮನ್. ಕ್ಯಾಂಡಲ್. ಅಂಕಲ್."

"ಕಾರ್ಪೆಟ್," ಎಂದ ಫಾರಿಸ್. "ಲೆಮನ್." ಅಲ್ಲಿಗೆ ನಿಂತ. ಅಪ್ಪನ ತುಟಿಯನ್ನೇ ನೋಡಿದ.

ಶುಕೂರಾಕ ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಕಾರು ಹೊರಡಿಸಿದರು. ಮೊದಲ ಪದದಿಂದ ಶುರುಮಾಡಿ ಹತ್ತನ್ನೂ ನಿಧಾನವಾಗಿ ಹೇಳಿದರು, ಮಗ ಹಿಂದೆಯೇ ಹೇಳಿದ. ಮುಗಿದ ಮೇಲೆ ಪುನಃ ಹೇಳಿದರು. ಸತ್ವಾದ ಗಲ್ಲಿ ಬರುವವರೆಗೂ ಹೇಳುತ್ತಲೇ ಇದ್ದರು.